ಇಪ್ಪತ್ತಾರನೇ ನಂಬರಿನ ತುಂಡು

ಮಾರ್ಚ್ ೧೧, ಭಾನುವಾರ
ಹಾಸ್ಟೆಲ್, ಮೂರನೇ ಮಹಡಿ

ಪ್ರೀತಿಯ ಅಕ್ಕಾ,

ಕವರು ಭಾರವಾಗಿದೆ ಅಂತ ಮೊದಲೇ ಒಳಗಿನ ಪೊಟ್ಟಣಕ್ಕೆ ಕೈ ಹಾಕಬೇಡ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಈ ಸಲ ಮಾತ್ರ ಕಾಗದ ಪೂರ್ತಿ ಓದಿ ಆಮೇಲೆ ಬಿಚ್ಚು.

ಅಪ್ಪನ ಕಣ್ಣಿಗೆ ಹೊಸ ಕನ್ನಡಕ ಒಗ್ಗಿತೇ? ಅಮ್ಮನ ಮಂಡಿ ನೋವು ಹೇಗಿದೆ? ನಿನ್ನ ಕಾಗದ ಬಂದು ಮೂರು ವಾರವಾಯಿತು. ಫೋನಿನಲ್ಲಿ ನೀನು ಕೇಳಿದಾಗಲೆಲ್ಲ ಮಾತು ತೇಲಿಸಿದೆ. ಬರೆಯಲು ಕೂತು ನಾಲ್ಕು ಸಲ ಹರಿದು ಹಾಕಿದೆ. ಬೈಯಬೇಕು ಅನ್ನಿಸಿದರೆ ಬೈದುಬಿಡು, ಬಾಕಿ ಉಳಿಸಬೇಡ.

ಇಲ್ಲಿ ನನ್ನ ಮೂರನೇ ವರ್ಷ ಮುಗಿಯುತ್ತಾ ಬಂತು. ಅದೇ ನಾಲ್ಕು ದಿನ ಕಾರ್ಖಾನೆ, ಎರಡು ದಿನ ಕಾಲೇಜು. ಇನ್ನೊಂದು ವರ್ಷ ಕಳೆದರೆ ಎಂಜಿನಿಯರ್ ಅನ್ನುತ್ತಾರೆ. ಅಮ್ಮ ಅಷ್ಟರವರೆಗೂ ಕಾಯದೆ ಬೀದಿಗೆಲ್ಲ ಹೇಳಿ ಮುಗಿಸಿದ್ದಾಳಂತೆ. 'ನನ್ನ ಚಿಕ್ಕವಳು ಓದೂ ಓದ್ತಾಳೆ, ಕೆಲಸಾನೂ ಮಾಡ್ತಾಳೆ, ಎರಡೂ ಕೈಲಿ ಬಾಚ್ತಿದ್ದಾಳೆ' ಅಂತ. ಬಾಚುವ ಎರಡೂ ಕೈಗಳಲ್ಲಿ ಈಗ ಬೊಬ್ಬೆಗಳಿವೆ ಅಂತ ಅವಳಿಗೆ ಹೇಳಬೇಡ.

ಕಾಲೇಜಿನ ಎರಡು ದಿನ ಹಾಯಾಗಿರುತ್ತದೆ. ಲೆಕ್ಕ, ನಕ್ಷೆ ಎಲ್ಲ ನನಗೆ ಸಲೀಸು. ಕಾರ್ಖಾನೆಯ ಗೇಟಿನಲ್ಲಿ ಆ ಕಬ್ಬಿಣದ ಸರಳು ಗರಕ್ಕನೆ ತಿರುಗಿ ನನ್ನನ್ನು ಒಳಗೆ ಹಾಕಿಕೊಂಡಿತೋ, ಸಂಜೆಗೆ ಎಷ್ಟು ಗಂಟೆ ಉಳಿಯಿತು ಅಂತ ಎಣಿಸಲು ಶುರು ಮಾಡುತ್ತೇನೆ. ನಮ್ಮ ಮೇಷ್ಟ್ರ ವಿಷಯ ಹಿಂದೆ ಬರೆದಿದ್ದೆನಲ್ಲ, ಅರ ಹಿಡಿದು ಉಕ್ಕು ಉಜ್ಜುವುದನ್ನು ಕಲಿಸುವವರು, ಪ್ರತಿ ವಾರ ನಮ್ಮ ಡೈರಿಗೆ ಸಹಿ ಹಾಕುವವರು. ಅವರ ಸಹಿ ಇಲ್ಲದಿದ್ದರೆ ಆ ವಾರ ಪದವಿಯ ಲೆಕ್ಕಕ್ಕೆ ಸೇರುವುದಿಲ್ಲ. ಒಳ್ಳೆಯ ಮನುಷ್ಯ, ಅದೇ ನನ್ನ ಗ್ರಹಚಾರ. ಉಳಿದವರೆಲ್ಲ ಮಷಿನ್ನಿನ ಮುಂದೆ ಇದ್ದರೆ, ನಯವಾದ ಕೈಕೆಲಸ ಬಂದಾಗಲೆಲ್ಲ ಅವರು ನನ್ನ ಹೆಸರನ್ನೇ ಕೂಗುತ್ತಾರೆ. ನಾನು ಊಟದ ಹೊತ್ತಿನಲ್ಲೂ ಕೂತು ಉಜ್ಜುತ್ತೇನೆ. ಮೂರು ಕೆಡಿಸಿ ಒಂದು ಮಾಡುತ್ತೇನೆ. ಕೆಟ್ಟದ್ದನ್ನು ರದ್ದಿ ಡಬ್ಬಿಯ ತಳಕ್ಕೆ ತುರುಕುತ್ತೇನೆ. ಮೂರು ವರ್ಷದಿಂದ ಇದೇ ಬಾಳು ನನ್ನದು.

ಅವರು ನನ್ನನ್ನೇ ಯಾಕೆ ಕೂಗುತ್ತಾರೆ ಗೊತ್ತೇ? ಸೇರುವಾಗ ನೀನೂ ನಾನೂ ಅರದ ಪರೀಕ್ಷೆಗೆ ಕೂತೆವಲ್ಲ, ನಾಲ್ಕು ಗಂಟೆಯಲ್ಲಿ ಉಕ್ಕಿನ ಚೌಕ ಉಜ್ಜಿ, ಮೇಷ್ಟ್ರ ಉಕ್ಕಿನ ಅಚ್ಚಿನ ಗೂಡಿನೊಳಗೆ, ಸುತ್ತ ಸಂದಿನಲ್ಲಿ ಬೆಳಕು ಕಾಣದ ಹಾಗೆ ಕೂರಿಸಬೇಕಿತ್ತು. ಇಪ್ಪತ್ತಾರನೇ ನಂಬರಿನ ಆ ಚೌಕವನ್ನು, ಅಂದರೆ ನನ್ನ ನಂಬರಿನದನ್ನು, ಮೇಷ್ಟ್ರು ಗಾಜಿನ ಕಪಾಟಿನಲ್ಲಿ ಇಟ್ಟಿದ್ದಾರೆ. ಪ್ರತಿ ವರ್ಷ ಹೊಸಬರು ಬಂದ ಮೊದಲ ದಿನ ಅದನ್ನು ತೆಗೆದು ಕೈಯಿಂದ ಕೈಗೆ ದಾಟಿಸುತ್ತಾರೆ. "ಮೂಲೆ ಮುಟ್ಟಿ ನೋಡಿ. ಕುಯ್ಯುತ್ತಾ? ಕುಯ್ಯಲ್ಲ. ಮುಟ್ಟಿದವರ ಕೈಗೆ ಗಾಯ ಆಗಬಾರದು ಅಂತ ಕೊನೇಲಿ ಪ್ರತಿ ಮೂಲೆಗೂ ಅರದಿಂದ ಒಂದೊಂದೇ ಎಳೆ ಎಳೆದಿದ್ದಾಳೆ. ಇದನ್ನ ಯಾರೂ ಕೇಳಿರ್ಲಿಲ್ಲ ಕಣ್ರೋ, ಇದು ಒಳಗಿಂದ ಬರ್ಬೇಕು" ಅನ್ನುತ್ತಾರೆ. ನಾನು ಪಕ್ಕದಲ್ಲಿ ನಿಂತು ನೆಲ ನೋಡುತ್ತೇನೆ. ವಿನಯ ಅಂದುಕೊಳ್ಳುತ್ತಾರೆ.

ಈಗ ನೀನು ಕೇಳಿದ ವಿಷಯ. ಎರಡನೇ ಸಲ ಹಾಕಿದ ಅರ್ಜಿ ಯಾಕೆ ವಾಪಸ್ಸು ಬಂತು ಅಂತ ಕೇಳಿದ್ದೆ. ಈ ವರ್ಷ ದಾಟಿದರೆ ನಿನಗೆ ಇಲ್ಲಿ ಸೇರುವ ವಯಸ್ಸೂ ದಾಟುತ್ತದೆ, ಅದೂ ಗೊತ್ತು. ಹೋದ ವಾರ ಮೇಷ್ಟ್ರನ್ನು ಕೇಳಿದೆ. ಅವರು ಹಳೆಯ ಪುಸ್ತಕ ತೆಗೆದರು. "ಇಪ್ಪತ್ತೈದು ನಿಮ್ಮಕ್ಕನಾ? ಪಾಪ. ಎರಡು ಮೂಲೇಲಿ ಬೆಳಕು ಬಿಟ್ಟಿದೆ ನೋಡಮ್ಮ. ಅರದಲ್ಲಿ ಒಮ್ಮೆ ಫೇಲಾದ್ರೆ ಮತ್ತೆ ಕೂರಿಸಲ್ಲ, ರೂಲು. ಒಂದೇ ಮನೇಲಿ ಒಬ್ಬಳಿಗೆ ಕೈ ಇರುತ್ತೆ, ಇನ್ನೊಬ್ಬಳಿಗೆ ಇರಲ್ಲ, ಏನ್ಮಾಡೋದು" ಅಂದರು. ಆ ಪುಸ್ತಕದಲ್ಲಿ ಬರೆದದ್ದು ಬದಲಾಗದೆ ನಿನಗೆ ಇಲ್ಲಿ ಬಾಗಿಲು ತೆರೆಯುವುದಿಲ್ಲ. ಮುಂದಿನ ತಂಡದ ಅರ್ಜಿಗೆ ಈ ತಿಂಗಳ ಕೊನೆಯವರೆಗೆ ಸಮಯವಿದೆ.

ಅಮ್ಮ ಫೋನಿನಲ್ಲಿ ನಗುತ್ತಾ ಹೇಳಿದಳು. ಅಪ್ಪನ ಬೀಗದ ಅಂಗಡಿಯಲ್ಲಿ ನೀನು ಉಜ್ಜಿದ ಪ್ರತಿ ಬೀಗದ ಕೈಯನ್ನೂ ಮೂರು ಮೂರು ಸಲ ಬೀಗಕ್ಕೆ ಹಾಕಿ ತಿರುಗಿಸಿ ನೋಡುತ್ತೀಯಂತೆ, ಗಿರಾಕಿಗಳು ನಿಂತು ನಿಂತು ಗೊಣಗುತ್ತಾರಂತೆ. 'ಮೊದಲು ಕಣ್ಣು ಮುಚ್ಚಿ ಮಾಡ್ತಿದ್ದಳು. ಆ ಪರೀಕ್ಷೆ ಹೋದಾಗಿನಿಂದ ಇವಳಿಗೆ ಇವಳ ಕೈ ಮೇಲೇ ನಂಬಿಕೆ ಇಲ್ಲ' ಅಂದಳು. ನಾನೂ ನಕ್ಕು ಫೋನ್ ಇಟ್ಟೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಬಿಟ್ಟು ಬಂದುಬಿಡಲೇ ಅಂತ ಎಷ್ಟೋ ಸಲ ಅನ್ನಿಸಿದೆ. ಬಂದರೆ ಯಾಕೆ ಬಂದೆ ಅಂತ ಹೇಳಬೇಕು. ಇದ್ದರೆ ಇನ್ನೊಂದು ವರ್ಷ ಆ ಕಪಾಟಿನ ಮುಂದೆ ಓಡಾಡಬೇಕು.

ಅಪ್ಪನಿಗೆ, ಅಮ್ಮನಿಗೆ ನನ್ನ ನಮಸ್ಕಾರ. ಚಿಕ್ಕವಳು ನಾನು, ಹರಸುವ ವಯಸ್ಸಲ್ಲ. ಆದರೂ ಹೇಳುತ್ತೇನೆ, ನಿನ್ನ ಕೈ ತಣ್ಣಗಿರಲಿ ಅಕ್ಕಾ.

ನಿನ್ನ
ಚಿಲಕ

(ಅಪ್ಪ ಇಟ್ಟ ಹೆಸರು ಸರಿಯಾಗಿಯೇ ಇದೆ, ಬಾಗಿಲಿಗೆ ಒಳಗಿನಿಂದ ಬಿದ್ದುಕೊಂಡಿದ್ದೇನೆ.)

ಮರೆತ ಮಾತು: ಮರೆತದ್ದಲ್ಲ, ಇದನ್ನು ಬರೆಯುವುದಕ್ಕೇ ಮೂರು ವಾರ ಹಿಡಿಯಿತು. ಈಗ ಪೊಟ್ಟಣ ಬಿಚ್ಚು. ಕಣ್ಣು ಮುಚ್ಚಿಕೊಂಡು ಮೂಲೆಯ ಮೇಲೆ ಹೆಬ್ಬೆರಳು ಆಡಿಸು. ಯಾರ ಕೈ ಅದು?

ಅಂಗಡಿಯಲ್ಲಿ ನೀನು ಉಜ್ಜುವುದು, ನಾನು ಅಚ್ಚಿಟ್ಟು ಸುತ್ತಿಗೆಯಿಂದ ನಂಬರ್ ಹೊಡೆಯುವುದು, ಹಾಗೇ ಅಲ್ಲವೇ ನಾವು ಬೆಳೆದದ್ದು? ಪರೀಕ್ಷೆಯ ದಿನವೂ ಗಂಟೆ ಹೊಡೆದಾಗ, "ನಂದೂ ಹೊಡೆದುಬಿಡೇ" ಅಂತ ನೀನು ಕೈ ತೊಳೆಯಲು ಹೋದೆ. ಎರಡು ತುಂಡನ್ನೂ ಒಂದೇ ಬಟ್ಟೆಯಲ್ಲಿ ಒರೆಸಿ ಅಕ್ಕಪಕ್ಕ ಇಟ್ಟುಕೊಂಡೆ. ಎರಡಕ್ಕೂ ಮೊದಲ ಅಂಕಿ ಎರಡು ಹೊಡೆದೆ. ಆಮೇಲೆ ಒಂದರ ಮೇಲೆ ಆರು ಹೊಡೆದು, ಚೂರು ಒರೆಸೋಣ ಅಂತ ಬೆರಳಾಡಿಸಿದೆ. ಮೂಲೆ ಕುಯ್ಯಲಿಲ್ಲ. ಅಪ್ಪ ನಮ್ಮಿಬ್ಬರಿಗೂ ಹೇಳಿಕೊಟ್ಟಿದ್ದ ಆ ಕೊನೆಯ ಎಳೆ, ನನಗೆ ಯಾವತ್ತೂ ಎಳೆಯುವ ತಾಳ್ಮೆ ಇರಲಿಲ್ಲವಲ್ಲ. ಮೇಷ್ಟ್ರು ನಾಲ್ಕು ಹೆಜ್ಜೆ ದೂರದಲ್ಲಿದ್ದರು. ಕೂಗಿ ಹೇಳಬಹುದಿತ್ತು. ನೀನು ಬರುವಷ್ಟರಲ್ಲಿ ಎರಡೂ ಮೇಷ್ಟ್ರ ತಟ್ಟೆ ಸೇರಿದ್ದವು.

ನಿನ್ನೆ ಕಪಾಟಿನಿಂದ ಇದನ್ನು ತೆಗೆದು ಚೀಲಕ್ಕೆ ಹಾಕಿಕೊಂಡೆ. ಗೇಟಿನವನು ಎಲ್ಲರ ಚೀಲ ನೋಡುತ್ತಾನೆ, ನನ್ನದನ್ನು ನೋಡುವುದಿಲ್ಲ, ಅಷ್ಟು ಒಳ್ಳೆಯ ಹುಡುಗಿ ನಾನು. ನಾಳೆ ಬೆಳಿಗ್ಗೆ ಈ ಕವರನ್ನು ಅಂಚೆಗೆ ಹಾಕಿಯೇ ಕೆಲಸಕ್ಕೆ ಹೋಗುತ್ತೇನೆ. ಹತ್ತು ಗಂಟೆಗೆ ಹೊಸಬರು ಬರುತ್ತಾರೆ, ಮೇಷ್ಟ್ರು ಕಪಾಟಿಗೆ ಕೈ ಹಾಕುತ್ತಾರೆ, ಅಲ್ಲಿ ಏನೂ ಇರುವುದಿಲ್ಲ. ಆಗ ನಾನು ಹೇಳಲೇಬೇಕಾಗುತ್ತದೆ. ತಪ್ಪಿಸಿಕೊಳ್ಳುವ ದಾರಿ ಒಂದೇ ಒಂದು ಉಳಿದಿದ್ದರೂ ನಾನು ಹೇಳುವವಳಲ್ಲ, ಅದಕ್ಕೇ ಹೀಗೆ ಮಾಡಿದೆ. ಅವರು ಕರೆಸಿದರೆ ಇದನ್ನೂ ಅಪ್ಪನ ಅರವನ್ನೂ ತೆಗೆದುಕೊಂಡು ಬಾ. ಅವರ ಮುಂದೆ ಇನ್ನೊಂದು ಚೌಕ ಉಜ್ಜಿ ತೋರಿಸು. ಮೂರು ಸಲ ನೋಡಬೇಡ, ಒಂದೇ ಸಲ ಸಾಕು.

ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ. ನಿಜ ಇಷ್ಟೇ. ನಿನ್ನ ತುಂಡಿಗೆ ಆರು ಹೊಡೆದದ್ದು ಕೈತಪ್ಪಿ. ನನ್ನದಕ್ಕೆ ಐದು ಹೊಡೆದದ್ದು ಗೊತ್ತಿದ್ದೇ.