ಪಟ್ಟದ ಬಳೆ

ಕೆರಾಡಿ,
೧೩ ನವೆಂಬರ್ ೨೦೨೪

ಪ್ರೀತಿಯ ಅನಿಷಾ,

ಹೆಣ್ಣೇ, ಹೇಗಿದ್ದಿ? ಆ ಒಣಕೆಮ್ಮು ಹೋಯಿತೋ ಇಲ್ಲವೋ? ಮುಂಬಯಿಯ ಬಾಣಂತಿಯರಿಗೆಲ್ಲ ಬಿಸಿನೀರು ಕುಡಿಸುವ ನರ್ಸಮ್ಮ ತಾನು ಮಾತ್ರ ಫ್ರಿಜ್ಜಿನ ನೀರು ಕುಡಿಯುತ್ತಾಳೆ ಎಂದು ನಿನ್ನಮ್ಮನ ದೂರು. ನಿನ್ನಮ್ಮ ಸ್ನೇಹಲತಾ ಆರಾಮ ಇದ್ದಾಳೆ. ಅಣ್ಣನಾದ ನನ್ನನ್ನು ಬೈಯುವ ಅವಳ ದನಿ ಕೇಳಿದವರಿಗೆ ಅದರಲ್ಲಿ ಅನುಮಾನ ಬರಲಿಕ್ಕಿಲ್ಲ. ಮೊಣಕಾಲು ಎರಡನ್ನು ಬಿಟ್ಟರೆ ನಾನೂ ಗಟ್ಟಿ. ಫೋನ್ ಮಾಡಬಹುದಿತ್ತು. ಆದರೆ ನಾನು ವಿಷಯಕ್ಕೆ ಬರುವಷ್ಟರಲ್ಲಿ "ಮಾವ, ಪೇಷೆಂಟ್ ಬಂದ್ರ್, ಮತ್ತ್ ಮಾಡ್ತೆ" ಎನ್ನುತ್ತಿ. ಕಾಗದವಾದರೆ ಬಿಡುವಾದಾಗ ಓದುತ್ತಿ.

ಮುಂದಿನ ತಿಂಗಳು ನಮ್ಮ ಮನೆಯ ಕಂಬಳ. ಕಡೆಯ ಜೋಡಿ ಕೋಣ ಗದ್ದೆಯಿಂದ ಏರುವವರೆಗೆ ಊರವರು ಅರಮನೆ ಎನ್ನುವ ನಮ್ಮ ಮನೆಯ ಒಡೆಯ ಗದ್ದೆಯಂಚಿನ ಮೇಲೆ ಬರಿಗಾಲಲ್ಲಿ ನಿಂತಿರಬೇಕು. ಹೋದ ವರ್ಷ ನಾನು ನಡುವೆ ಪ್ಲಾಸ್ಟಿಕ್ ಕುರ್ಚಿ ಕೇಳಿದೆ. ಅವತ್ತೇ ಎಲ್ಲರಿಗೂ ಗೊತ್ತಾಯಿತು, ಇನ್ನು ಪಟ್ಟ ಬಿಟ್ಟುಕೊಡುವ ಕಾಲ ಬಂತೆಂದು. ನಮ್ಮಲ್ಲಿ ಪಟ್ಟ ಮಗನಿಗಲ್ಲ, ತಂಗಿಯ ಮಕ್ಕಳಿಗೆ; ನಿನ್ನಮ್ಮನಿಗೆ ಇರುವುದು ನೀನೊಬ್ಬಳು. ನೀನು ಹಿಂದೆಮುಂದೆ ನೋಡದೆ ಹೇಳಿದೆ: "ನಿಲ್ಲುಕೆ ಎಂತ ತೊಂದ್ರಿ ಮಾವ? ರಜಿ ಹಾಕಿ ಬತ್ತೆ. ಆರೆ ಆ ಬಳಿ ಕೈಯಂಗಿದ್ರೆ ನನ್ನ್ ವಾರ್ಡಿನ ಒಳಗೇ ಬಿಡುದಿಲ್ಲ." ಸರಿಯೇ. ಪಟ್ಟದ ದಿನ ತೊಡಿಸಿದ ಚಿನ್ನದ ಬಳೆಯನ್ನು, ಪಟ್ಟ ಬಿಟ್ಟುಕೊಟ್ಟ ಮೇಲೂ, ಸಾಯುವವರೆಗೆ ತೆಗೆಯಬಾರದು ಎಂದು ನಮ್ಮ ಕಟ್ಟು. ಹುಟ್ಟುವ ಮಗುವನ್ನು ಹಿಡಿಯುವ ಕೈ ಮೊಣಕೈವರೆಗೆ ಬರಿದಾಗಿರಬೇಕು ಎಂದು ನಿಮ್ಮ ಆಸ್ಪತ್ರೆಯ ಕಟ್ಟು. ಅಂದಿನಿಂದ ನಾನೂ ನಿನ್ನಮ್ಮನೂ ಈ ಎರಡರ ನಡುವೆ ಸಿಕ್ಕಿಕೊಂಡಿದ್ದೇವೆ.

ಒಡೆತನ ಮತ್ತು ಸಂಬಳದ ಕೆಲಸ, ಎರಡನ್ನೂ ಒಂದೇ ಮೈಮೇಲೆ ಹೊರುವುದು ನನಗೇನು ಹೊಸತೇ? ಭೂಸುಧಾರಣೆಯಲ್ಲಿ ಭೂಮಿ ಹೋದ ಮೇಲೆ ಅರಮನೆಯಲ್ಲಿ ಉಳಿದದ್ದು ಕೆತ್ತನೆಯ ನಾಲ್ಕು ಕಂಬ ಮತ್ತು ದೊಡ್ಡ ಹೆಸರು. ಚಾವಡಿಯ ಅರ್ಧ ಹಾಲಿನ ಸೊಸೈಟಿಗೆ ಬಾಡಿಗೆ. ನಾನು ಕುಂದಾಪುರ–ಬೈಂದೂರು ಬಸ್ಸಿನಲ್ಲಿ ಕಂಡಕ್ಟರ್ ಆದೆ. ಕಿರಿಮಂಜೇಶ್ವರದಲ್ಲಿ ಮೀನಿನ ಬುಟ್ಟಿಯೊಂದಿಗೆ ಹತ್ತುತ್ತಿದ್ದ ವನಜಕ್ಕ ನನ್ನನ್ನು ಕಂಡ ಕೂಡಲೇ ಸೀಟು ಬಿಟ್ಟು ಏಳುತ್ತಿದ್ದಳು. "ಹ್ವಾಯ್ ಒಡೇರೆ, ನೀವ್ ನಿಂತ್ಕಂಡ್ ನಾನ್ ಕೂಕಂಡ್ರೆ ನಂಗ್ ಪಾಪ ಬತ್ತಿಲ್ಯಾ? ಬನಿ, ಕೂಕಣಿ." ನಾನು ಕೂತರೆ ಟಿಕೆಟ್ ಕೊಡುವವರು ಯಾರು ಎಂದರೆ, "ನಾನ್ ಕೊಡ್ತೆ, ಚೀಲ ಇಲ್ಲ್ ತನಿ!" ಇಡೀ ಬಸ್ಸು ನಗುತ್ತಿತ್ತು. ಅದೇ ವನಜಕ್ಕನ ಹತ್ತಿರ ಬುಟ್ಟಿಗೆ ಲಗೇಜು ಕೇಳಿ ನೋಡು: "ಅರಮನಿಯರಿಗೆ ಮೀನಿನ್ ಬುಟ್ಟಿ ದುಡ್ಡ್ ಎಂತಕ್ಕೆ ಮಾರಾಯ್ರೆ?" ಈಗ ಹೆದ್ದಾರಿ ಅಗಲವಾಗಿ ಆ ನಿಲ್ದಾಣಗಳ ಮರಗಳೇ ಇಲ್ಲ. ತಲ್ಲೂರು ದಾಟುವಾಗ ಇವತ್ತಿಗೂ ನನ್ನ ಬಾಯಿ ತನ್ನಷ್ಟಕ್ಕೆ "ಯಾರ್ ಇಳೂದ್?" ಎನ್ನುತ್ತದೆ, ಪಕ್ಕದಲ್ಲಿ ಕೂತವರು ಮುಖ ನೋಡುತ್ತಾರೆ.

ಒಂದು ವರ್ಷ ಕಂಬಳದ ದಿನವೇ ರಜೆ ಸಿಗಲಿಲ್ಲ. ಬೆಳಗಿನ ಟ್ರಿಪ್ಪು ಮುಗಿಸಿ, ಬಾಡಿಗೆ ಜೀಪು ಹತ್ತಿ, ಜೀಪಿನೊಳಗೇ ಖಾಕಿ ಕಳಚಿ ಪಂಚೆ ಉಟ್ಟು ಮುಂಡಾಸು ಸುತ್ತಿ ಗದ್ದೆಗೆ ಬಂದೆ. ಕೊರಳಿನ ವಿಸಿಲ್ ತೆಗೆಯಲು ಮರೆತಿತ್ತು. ಮೊದಲು ಓಡಬೇಕಾದ್ದು ನಮ್ಮ ಮನೆಯ ಕೋಣಗಳು. ಅವೋ ಗೂಟ ಹೊಡೆದ ಹಾಗೆ ನಿಂತವು. ಓಡಿಸುವ ಐತ ಗದರಿದ, ಬೆನ್ನು ತಟ್ಟಿದ, ಬೇಡಿಕೊಂಡ. ಜನ ಕಾಯುತ್ತಿದ್ದಾರೆ, ವಾದ್ಯ ನಿಂತಿದೆ. ನನ್ನ ಕೈ ಅಭ್ಯಾಸಬಲದಿಂದ ಕೊರಳಿಗೆ ಹೋಯಿತು. ವಿಸಿಲ್ ಊದಿದೆ, "ರೈಟ್" ಎಂದೂ ಹೇಳಿಬಿಟ್ಟೆನಂತೆ! ಕೋಣಗಳು ಕಿತ್ತುಕೊಂಡು ಓಡಿದವು, ಐತ ಅವುಗಳ ಹಿಂದೆ ಕೆಸರಲ್ಲಿ ಎಳೆಸಿಕೊಂಡು ಹೋದ. ಎದ್ದು ಬಂದವನೇ, "ಒಡೇರೆ, ನಾನ್ ಬಸ್ ಹತ್ತುಕ್ ಮುಂಚೆ ರೈಟ್ ಹೇಳೂದಾ?" ಎಂದ. ಮರುವರ್ಷ ವಿಸಿಲ್ ಇಲ್ಲದೆ ಹೋದರೆ ಊರವರೇ ಬಿಡಲಿಲ್ಲ. ಈಗ ಒಡೆಯರು ಊದದೆ ಕೋಣ ಇಳಿಯುವ ಹಾಗಿಲ್ಲ.

ಹೋದ ಭಾನುವಾರ ಚಾವಡಿಯಲ್ಲಿ ಕುಟುಂಬದವರು ಸೇರಿದ್ದರು. ಬ್ರಹ್ಮಾವರದ ಹೋಟೆಲಿಗೆ ಬಾಗಿಲು ಹಾಕಿ ನನ್ನ ಮಗ ನಿತೇಶನೂ ಬಂದಿದ್ದ. ಪಟ್ಟ ಅವನಿಗೆ ಬರುವಂಥದ್ದಲ್ಲ, ಆದರೆ ಕಟ್ಟುಕಟ್ಟಳೆಯ ಮಾತಿಗೆ ಅವನೇ ಮುಂದೆ. "ಬಳಿ ತೆಗ್ದಿಡುದಾರೆ ಪಟ್ಟ ಎಂತಕ್ಕೆ ಅಪ್ಪಯ್ಯ? ಅವ್ಳ್ ಕೆಲ್ಸ ಬಿಡ್ಲಿ. ಹಿಂದಿನಿಂದ ಬಂದದ್ದನ್ನ್ ಬಿಡುಕಾತ್ತಾ?" ಎಂದ. ಹಾಗಾದರೆ ವಿಸಿಲ್ ಊದುವುದು ಯಾವಾಗಿನಿಂದ ಬಂದದ್ದು ಮಗಾ ಎಂದು ಕೇಳಿದೆ. "ಅದ್ ಅಜ್ಜನ್ ಕಾಲದಿಂದ ಇತ್ತಲೆ!" ಎಂದ, ಬಹಳ ಭಕ್ತಿಯಿಂದ. ಮೆಟ್ಟಿಲ ಮೇಲೆ ಚಾ ಕುಡಿಯುತ್ತಿದ್ದ ಐತನಿಗೆ ಚಾ ನೆತ್ತಿಗೆ ಹತ್ತಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕದ್ದಷ್ಟೇ, ಬಳೆಯ ವಿಷಯದಲ್ಲಿ ಒಬ್ಬರೂ ಸಡಿಲವಾಗಲಿಲ್ಲ. ಕಡೆಗೆ ಅಷ್ಟು ಹೊತ್ತು ವೀಳ್ಯದೆಲೆ ಒರೆಸುತ್ತಿದ್ದ ನಿನ್ನಮ್ಮ ಎದ್ದು, "ನನ್ನ್ ಮಗಳ್ ಕೆಲ್ಸ ಬಿಡುದಿಲ್ಲ. ನಿಮ್ಗೆ ಬಳಿ ಬೇಕಾರೆ ಬಳಿಗೇ ಪಟ್ಟ ಕಟ್ಟಿ" ಎಂದು ಒಳಗೆ ಹೋದಳು. ಸಭೆ ಅಲ್ಲಿಗೆ ಮುಗಿಯಿತು. ಕಂಬಳದೊಳಗೆ ತೀರ್ಮಾನ ಆಗದಿದ್ದರೆ ಈ ವರ್ಷ ಗದ್ದೆಗೆ ಕೋಣ ಇಳಿಸುವುದಿಲ್ಲ ಎಂದು ಕುಟುಂಬದವರು ಹೇಳಿ ಹೋಗಿದ್ದಾರೆ.

ಅದಕ್ಕೆ ನೀನು ಹೆದರಬೇಡ. ಕೆಲಸ ಬಿಡು ಎಂದು ಈ ಮಾವ ಎಂದೂ ಹೇಳುವವನಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಜೊತೆಯ ಹುಡುಗಿಯರಿಗೆ ನನ್ನ ನೆನಪು ಹೇಳು. ಮನೆದೈವ ನಿನ್ನನ್ನೂ ನಿನ್ನ ಕೈಯಲ್ಲಿ ಕಣ್ಣು ಬಿಡುವ ಮಕ್ಕಳನ್ನೂ ಕಾಯಲಿ.

ನಿನ್ನ
ಚಂದು ಮಾವ

ತಾ.ಕ.: ಅಂಚೆಯವನನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ನಿನ್ನೆ ಕುಂದಾಪುರಕ್ಕೆ ಹೋಗಿ ನನ್ನ ಕೈಯ ಪಟ್ಟದ ಬಳೆ ಕತ್ತರಿಸಿದೆ. ಆಚಾರಿ ಒಪ್ಪಲಿಲ್ಲ, "ನಿಮ್ಮ್ ಜೀವ ಇಪ್ಪಾಗ ನನ್ನ್ ಕೈಯಂಗೆ ಆತಿಲ್ಲೆ ಒಡೇರೆ" ಎಂದು ಗರಗಸ ನನಗೇ ಕೊಟ್ಟು ಗೋಡೆ ಕಡೆ ತಿರುಗಿ ಕೂತ. ಮೊದಲ ಗೀರು ನಾನೇ ಎಳೆದೆ, ಆಮೇಲೆ ಅವನು ತಿರುಗಿ ಗರಗಸ ಇಸಿದುಕೊಂಡ. ಬಳೆ ಇದ್ದ ಜಾಗದ ಚರ್ಮ ಎಳೆಮಗುವಿನದ್ದರ ಹಾಗೆ ಬೆಳ್ಳಗಿದೆ. ಊಟಕ್ಕೆ ಕೂತಾಗ ಬೇರೆ ಯಾರದೋ ಕೈಯಲ್ಲಿ ಉಣ್ಣುತ್ತಿದ್ದೇನೆ ಅನ್ನಿಸಿತು. ಬೇರೇನೂ ಆಗಲಿಲ್ಲ. ಈಗ ಅದಕ್ಕೆ ತಿರುಪು ಕೂರಿಸುತ್ತಿದ್ದಾನೆ: ಗದ್ದೆಯಲ್ಲಿ ಹಾಕಿಕೋ, ವಾರ್ಡಿನಲ್ಲಿ ತೆಗೆದಿಡು. ನೀನು ಬೇಡ ಎಂದರೂ ನಾನಿನ್ನು ಅದನ್ನು ತೊಡುವುದಿಲ್ಲ, ಆದ್ದರಿಂದ ನನ್ನ ಮುಖ ನೋಡಿ ಹೂಂ ಅನ್ನಬೇಡ. ಮನಸ್ಸಿದ್ದರೆ ಮಣಿಕಟ್ಟಿನ ಅಳತೆಯ ನೂಲು ಕಳಿಸು. ನಿನ್ನಮ್ಮನಿಗೆ ಗೊತ್ತು, ನಿತೇಶನಿಗೆ ಗೊತ್ತಿಲ್ಲ. ಈ ಸೆಕೆಯಲ್ಲಿ ತುಂಬುತೋಳಿನ ಅಂಗಿ ತೊಟ್ಟು ಗುಂಡಿ ಹಾಕಿಕೊಂಡು ತಿರುಗುತ್ತಿದ್ದೇನೆ. ಬೇಗ ಬರೆ.