ಎರಡನೇ ಲಾರಿಯ ಕೊನೆಯ ಹಾಡು

ಗುಂಡ್ಲುಪೇಟೆ
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಶಶಿ,

ನೀನೂ ಉಡಿಗಾಲದ ಮನೆಯವರೆಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಅತ್ತೆಯ ಮಂಡಿನೋವು ಈಗ ಹೇಗಿದೆ? ನೀನು ಅಷ್ಟು ಸಲ ಫೋನ್ ಮಾಡಿದರೂ ನಾನು ಎತ್ತಲಿಲ್ಲ. ಮೆಸೇಜ್ ಹಾಕಿದರೆ ‘ಆಮೇಲೆ ಹೇಳ್ತೀನಿ’ ಅಂತ ಬರೆದು ಸುಮ್ಮನಾದೆ. ಕೋಪ ಬಂದಿರುತ್ತದೆ. ಬರಲಿ, ಆದರೆ ಇದನ್ನು ಪೂರ್ತಿ ಓದಿದ ಮೇಲೆ ಬೈಯಿ.

ಮೊದಲು ನನ್ನ ಸಮಾಚಾರ. ಹೋದ ವಾರ ಮೈಸೂರಿನಲ್ಲಿ ನನ್ನ ಕುತ್ತಿಗೆಯ ಆಪರೇಷನ್ ಆಯಿತು. ಥೈರಾಯ್ಡ್ ಗಂಟು. ಕೆಟ್ಟ ಗಂಟಲ್ಲ ಅಂತ ರಿಪೋರ್ಟ್ ಬಂದಿದೆ, ಗಾಬರಿಯಾಗಬೇಡ. ನಮ್ಮತ್ತೆ ಕುಲ್ಸುಂ ಬಿ ಆ ಸಂತೋಷಕ್ಕೆ ಬೀದಿಯವರಿಗೆಲ್ಲ ಸಿಹಿ ಹಂಚಿದರು. ಆದರೆ ಡಾಕ್ಟರು ಮಾತಾಡಬೇಡಿ, ಪಿಸುಮಾತು ಕೂಡ ಬೇಡ ಅಂದಿದ್ದಾರೆ. ಅದಕ್ಕೇ ಈ ಕಾಗದ. ಇವರು ಈರುಳ್ಳಿ ಮಂಡಿಗೆ ಹೋಗಿದ್ದಾರೆ, ಶಾರುಖ್ ಲೋಡಿನ ಜೊತೆ ಕೇರಳಕ್ಕೆ ಹೋಗಿದ್ದಾನೆ. ಮಿಸ್ಬಾ ಪಕ್ಕದ ರೂಮಿನಲ್ಲಿ ಓದುತ್ತಿದ್ದಾಳೆ. ಮನೆ ಇಷ್ಟು ಸದ್ದಿಲ್ಲದೆ ಇದ್ದದ್ದು ನನಗೆ ನೆನಪಿಲ್ಲ. ಮನೆಯಲ್ಲಿ ಸದ್ದು ಮಾಡುತ್ತಿದ್ದವಳು ನಾನೇ ಅಂತ ಈಗ ಗೊತ್ತಾಗುತ್ತಿದೆ.

ನಿನಗೆ ಮುಂಚೆ ಯಾಕೆ ಹೇಳಲಿಲ್ಲ ಅಂದರೆ, ಹೆದರಿಕೆ. ದನಿಯ ನರ ಆ ಗಂಟಿನ ಹಿಂದೆಯೇ ಹಾಯುತ್ತದಂತೆ. ಅದಕ್ಕೆ ಅಂಟಿಕೊಂಡಿದ್ದರೆ ಬಿಡಿಸುವಾಗ ದನಿಗೆ ಪೆಟ್ಟಾಗಬಹುದು, ಆಗದೆಯೂ ಇರಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಅವರು ಒಳ್ಳೆಯವರು, ಮೆತ್ತಗೆ ಹೇಳಿದರು. ಆ ಮೆತ್ತನೆಯ ಮಾತಿಗೇ ನನ್ನ ಹೆದರಿಕೆ ಹೆಚ್ಚಾಯಿತು. ನಿನಗೆ ಫೋನ್ ಮಾಡಿದರೆ ನೀನು ನನ್ನ ದನಿಯಲ್ಲೇ ಎಲ್ಲ ಹಿಡಿದುಬಿಡುತ್ತಿದ್ದೆ.

ಇನ್ನು ನೀನು ಕೇಳಿದ್ದ ಪ್ರಶ್ನೆ. ‘ಚಾಮರಾಜನಗರದಲ್ಲಿ ಆ ಎರಡನೇ ಲಾರಿ ಸಿನಿಮಾ ತೋರಿಸುತ್ತಾರಂತೆ, ನಾನು ಬರೋದಿಲ್ಲ, ನೀನು ನೋಡಿ ಬಾ, ಮೊದಲನೇದರ ಸಮ ಇದೆಯಾ ಇಲ್ವಾ ಅಷ್ಟೇ ಹೇಳು’ ಅಂತ ನೀನು ಅಂದಿದ್ದೆ. ನೋಡಿ ಬಂದೆ. ಆಪರೇಷನ್ನಿಗೆ ಹೋಗುವ ಮುಂಚಿನ ಭಾನುವಾರ. ಹೇಳುವುದಕ್ಕೆ ಇಷ್ಟು ದಿನ ಬೇಕಾಯಿತು.

ಕಾಲೇಜು ಮೇಷ್ಟ್ರು ಗಣೇಶ ಅನ್ನುವವರು ಇದನ್ನೆಲ್ಲ ಮಾಡಿದ್ದು. ಅವರೂ ಅವರ ಗೆಳೆಯರೂ ಸೇರಿ, ನಿರ್ದೇಶಕ ಗಿರೀಶ್ ಸರ್ ಮನೆಯ ಅಟ್ಟದಲ್ಲಿದ್ದ ಅದರ ರೀಲುಗಳನ್ನು ಹೊರಗೆ ತೆಗೆಸಿ, ಚೆನ್ನೈಗೆ ಕಳಿಸಿ, ಕಂಪ್ಯೂಟರಿಗೆ ಹಾಕಿಸಿದ್ದಾರೆ. ಸಭಾಂಗಣ ತುಂಬಿತ್ತು ಶಶಿ. ನಮ್ಮ ಮಕ್ಕಳ ವಯಸ್ಸಿನವರು. ಅವರಿಗೆಲ್ಲ ಮೊದಲನೇ ಸಿನಿಮಾ ‘ಹಾಡುವ ಲಾರಿ’ ಬಾಯಿಪಾಠ. ಬಿಡುಗಡೆಯಾದಾಗ ಯಾರೂ ನೋಡದ ಸಿನಿಮಾ, ಕ್ಯಾಸೆಟ್ಟಾಗಿ ಹಾಸ್ಟೆಲ್ ಹುಡುಗರ ಕೈಯಿಂದ ಕೈಗೆ ಹೋಗಿ ಇಲ್ಲಿಗೆ ಬಂದು ನಿಂತಿದೆ. ಲೈಟು ಆರಿಸುವ ಮುಂಚೆಯೇ ನೀನು ಹಾಡಿದ ಆ ಘಟ್ಟದ ಹಾಡನ್ನು ಒಂದು ಸಾಲು ಬಿಡದೆ ಹೇಳಿದರು. ಇಂಜಿನ್ ಕೆಮ್ಮುವ ಸದ್ದನ್ನೂ ಬಾಯಲ್ಲೇ ಮಾಡಿದರು. ನನಗೆ ನಮ್ಮಪ್ಪನ ಮೈಕ್‌ಸೆಟ್ ಅಂಗಡಿ ನೆನಪಾಯಿತು. ಅಪ್ಪ ಮದುವೆಗೆ ಕಳಿಸುವ ಮೈಕುಗಳನ್ನು ಪರೀಕ್ಷೆ ಮಾಡಲು ನಮ್ಮಿಬ್ಬರನ್ನೂ ಹಾಡಿಸುತ್ತಿದ್ದರಲ್ಲ, ಸ್ಪೀಕರ್ ಬಾಡಿಗೆಗೆ ಕೇಳಲು ಬಂದ ಗಿರೀಶ್ ಸರ್ ಅದನ್ನು ಕೇಳಿ ಅಲ್ಲೇ ನಿಂತುಬಿಟ್ಟಿದ್ದರಲ್ಲ. ಮೊದಲನೇ ಸಿನಿಮಾದಲ್ಲಿ ನೀನು ನಾಯಕಿಯ ದನಿ, ನಾನು ಹಿಂದಿನ ಗುಂಪಿನ ದನಿ. ಅದೇ ಸರಿಯಾಗಿತ್ತು.

ಎರಡನೇದು ‘ಹಾಡುವ ಲಾರಿ ಮತ್ತೆ ಹೊರಟಿತು’. ಮೈಸೂರಿನ ಒಂದೇ ಟಾಕೀಸಿನಲ್ಲಿ ಕೆಲವು ದಿನ ಓಡಿ ಹೋಯಿತು. ಆಗ ಶಾರುಖ್ ಕೈಗೂಸು, ನಾನು ಬಾಣಂತಿ, ನೋಡಲು ಯಾರೂ ಬಿಡಲಿಲ್ಲ. ಕ್ಯಾಸೆಟ್ ಕೂಡ ಬರಲಿಲ್ಲ. ನಾನೇ ಹಾಡಿದ ಸಿನಿಮಾವನ್ನು ನಾನು ಮೊದಲ ಸಲ ನೋಡಿದ್ದು ಆ ಭಾನುವಾರ ಅಂದರೆ ಅಲ್ಲಿದ್ದ ಹುಡುಗಿಯರು ನಂಬಲಿಲ್ಲ.

ಸಮ ಇದೆಯಾ? ಇಲ್ಲ. ನಿಜ ಹೇಳುತ್ತೇನೆ. ಮೊದಲನೇದರಲ್ಲಿ ಲಾರಿ ನಿಲ್ಲುವುದೇ ಇಲ್ಲ, ಕೆಟ್ಟು ನಿಂತರೂ ಅದರಲ್ಲಿ ಊರೂರು ತಿರುಗುವ ನಾಟಕದವರು ಇಳಿದು ತಳ್ಳುತ್ತಾ ಹಾಡುತ್ತಾರೆ. ಎರಡನೇದರಲ್ಲಿ ಲಾರಿ ಅರ್ಧ ಸಿನಿಮಾ ಮುಗಿಯುವವರೆಗೂ ಶೆಡ್ಡಿನಲ್ಲಿ ತುಕ್ಕು ಹಿಡಿದು ನಿಂತಿದೆ. ನಾಟಕದವರಿಗೆ ವಯಸ್ಸಾಗಿದೆ, ಕುಳಿತುಕೊಂಡೇ ಹಾಡುತ್ತಾರೆ. ಹಾಸ್ಯಕ್ಕೆ ಯಾರೂ ನಗಲಿಲ್ಲ. ಹಿಂದಿನ ಸಾಲಿನವರು ಮೊಬೈಲ್ ನೋಡಲು ಶುರು ಮಾಡಿದರು. ನಾನು ಹಾಡಿದ್ದು ಒಂದಾದ ಮೇಲೆ ಒಂದು ಬಂತು. ಸ್ವರ ಎಲ್ಲೂ ತಪ್ಪಿಲ್ಲ ಶಶಿ, ಆದರೆ ಪಾಠ ಒಪ್ಪಿಸುವ ಹಾಗಿದೆ. ಪಕ್ಕದಲ್ಲಿ ಕೂತಿದ್ದ ಇವರು ನನ್ನ ಕೈ ತಟ್ಟಿದರು. ನನಗೆ ಅವಮಾನಕ್ಕಿಂತ ಭಯವೇ ಹೆಚ್ಚಾಯಿತು. ನಾಳೆ ದನಿ ಹೋದರೆ, ನನ್ನದು ಅಂತ ಉಳಿಯುವುದು ಇಷ್ಟೇನಾ ಅಂತ. ಕುತ್ತಿಗೆಯ ಮೇಲೆ ದುಪಟ್ಟಾ ಎಳೆದುಕೊಂಡು ಕೂತೆ.

ಕೊನೆಯ ಹಾಡು ಬಂತು. ನಾಯಕಿ ಒಬ್ಬಳೇ, ಪುಣಜನೂರಿನ ಕಾಡಂಚಿನ ರಸ್ತೆಯಲ್ಲಿ, ಲಾರಿ ಹತ್ತಲೋ ಬೇಡವೋ ಅಂತ ನಿಂತು ಹಾಡುವುದು. ಮೊದಲ ಸಾಲಿಗೇ ಮೊಬೈಲುಗಳೆಲ್ಲ ಆರಿದವು. ಆ ದನಿ ಎಲ್ಲಿ ಒಡೆದುಬಿಡುತ್ತದೋ ಅನ್ನುವ ಹಾಗಿತ್ತು, ಒಡೆಯಲಿಲ್ಲ. ಮೊದಲನೇ ಸಿನಿಮಾದ ಒಂದು ಹಾಡೂ ಅದರ ಹತ್ತಿರ ಬರುವುದಿಲ್ಲ. ನಾನು ಇಷ್ಟು ಚೆನ್ನಾಗಿ ಹಾಡಿದ್ದೆನಾ ಅಂದುಕೊಂಡೆ.

ಎರಡನೇ ಚರಣದಲ್ಲಿ, ಸಾಲಿನ ನಡುವೆ, ಉಸಿರು ಒಂದು ಕ್ಷಣ ತುಂಡಾಯಿತು. ಒಳಕ್ಕೆ ಎಳೆದುಕೊಂಡ ಹಾಗೆ. ಆಮೇಲೆ ಹಾಡು ಮುಂದುವರಿಯಿತು.

ಶಶಿ, ಅದು ನಾನಲ್ಲ. ನೀನು.

ಓದುವುದನ್ನು ಇಲ್ಲಿ ನಿಲ್ಲಿಸಬೇಕು ಅನ್ನಿಸಿದರೆ ನಿಲ್ಲಿಸು. ಎರಡನೇ ಸಿನಿಮಾದ ಟ್ರಯಲ್ ರೆಕಾರ್ಡಿಂಗಿಗೆ ಹಾಡಲು ನೀನು ಹೋಗಿದ್ದೆ, ನೆನಪಿದೆಯಲ್ಲ. ಆರು ತಿಂಗಳ ಬಸುರಿ. ಡಾಕ್ಟರು ಅದಾಗಲೇ ಎಚ್ಚರಿಕೆ ಹೇಳಿದ್ದರು. ಒಂದೇ ಹಾಡು ಹಾಡಿ, ಸುಸ್ತಾಗಿ, ವಾಪಸು ಬರುವಾಗ ನಮ್ಮಪ್ಪನ ಅಂಗಡಿಗೆ ಬಂದು ಕೂತು ನೀನೇ ಹೇಳಿದ್ದೆ: ‘ಹಾಡ್ತಾ ಹಾಡ್ತಾ ಮಗು ಒದ್ದುಬುಡ್ತು ಕಣೆ ಮುಬ್ಬಿ, ಉಸ್ರೇ ನಿಂತೋಯ್ತು.’ ನಾವಿಬ್ಬರೂ ನಕ್ಕಿದ್ದೆವು. ಮರುವಾರವೇ ನಿನಗೆ ಹಾಸಿಗೆ ಬಿಟ್ಟು ಏಳಬೇಡ ಅಂದರು, ನಿನ್ನ ಹಾಡುಗಳನ್ನೆಲ್ಲ ನನ್ನ ಕೈಲಿ ಹಾಡಿಸಿದರು. ಆ ಹಾಡನ್ನೂ ನಾನು ಹಾಡಿ ಬಂದಿದ್ದೆ. ಆಮೇಲೆ ಮಗು ಉಳಿಯಲಿಲ್ಲ. ನೀನು ಹಾಡುವುದನ್ನು ಬಿಟ್ಟೆ. ಉಡಿಗಾಲದ ಮನೆಯಲ್ಲಿ ರೇಡಿಯೋ ಹಾಕುವುದನ್ನೂ ಬಿಟ್ಟೆ. ನನ್ನ ಮಡಿಲಲ್ಲಿ ಶಾರುಖ್ ಇದ್ದ. ನಿನ್ನೆದುರು ಆ ಸಿನಿಮಾದ ಹೆಸರೆತ್ತುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ.

ಹಾಡು ಮುಗಿದ ಮೇಲೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪರದೆಯ ಮೇಲೆ ಹಿನ್ನೆಲೆ ಗಾಯನ ಅಂತ ನನ್ನ ಹೆಸರು. ಗಣೇಶ ಮೇಷ್ಟ್ರು ಮೈಕು ತಂದು ಕೈಗೆ ಕೊಟ್ಟರು. ಆ ಕೊನೆಯ ಹಾಡು ನಾನು ಹಾಡಿದ್ದಲ್ಲ ಅಂದೆ. ಹಾಗಾದರೆ ಯಾರು ಅಂತ ಕೇಳಿದರು. ನಿನ್ನ ಹೆಸರು ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ನಿನ್ನನ್ನು ಕೇಳದೆ ಹೇಗೆ ಹೇಳಲಿ? ಮೈಕು ವಾಪಸು ಕೊಟ್ಟು ಕೂತುಬಿಟ್ಟೆ.

ಗಿರೀಶ್ ಸರ್ ಮುಂದಿನ ಸಾಲಿನಲ್ಲಿ ಇದ್ದರು. ತುಂಬ ಇಳಿದುಹೋಗಿದ್ದಾರೆ, ಕೋಲು ಹಿಡಿದು ನಡೆಯುತ್ತಾರೆ. ಹೊರಗೆ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿದ್ದರು. ಹೋಗಿ ನೇರವಾಗಿ ಕೇಳಿದೆ. ಅವರು ಮುಚ್ಚಿಡಲಿಲ್ಲ.

‘ನೀನು ಹಾಡಿದ್ದೂ ಸರಿಯಾಗೇ ಇತ್ತು ಕಣಮ್ಮಿ,’ ಅಂದರು. ‘ಆದ್ರೆ ಆ ಹಾಡ್ಗೆ ಎದರ್ಕಂಡಿರೋ ದನಿ ಬೇಕಾಗಿತ್ತು. ನೀನು ಎದರ್ಕಂಡಿರ್ಲಿಲ್ಲ, ಅದ್ಕೇ ಶಶಿ ಟ್ರಯಲ್ನೇ ಆಕ್ದೆ. ಅವಳ್ಗೆ ಅಂತಾ ಸಂಕಟ ಬಂದದೆ ಅಂತ ಗೊತ್ತಾಗೋ ಒತ್ಗೆ ಪ್ರಿಂಟು ಆಗೋಗಿತ್ತು. ಯಾವ್ ಮೊಕ ಇಟ್ಕಂಡು ಅವಳತ್ರ ಓಗ್ಲಿ?’

ನನಗೆ ಅವರ ಮೇಲೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಅವರು ಹೇಳಿದ್ದು ನಿಜ. ಆಗ ನನಗೆ ಯಾವ ಹೆದರಿಕೆಯೂ ಇರಲಿಲ್ಲ, ಹೊಸ ಮದುವೆ, ಹೊಟ್ಟೆಯಲ್ಲಿ ಗಟ್ಟಿಮುಟ್ಟಾದ ಕೂಸು. ಈಗಾದರೆ ಆ ಹಾಡನ್ನು ನಾನೂ ಹಾಡುತ್ತಿದ್ದೆ.

ಹಿಂದಿರುಗುವಾಗ ಕಾರಿನಲ್ಲಿ ಅಳುತ್ತಾ ಕೂತಿದ್ದೆ. ಗುಂಡ್ಲುಪೇಟೆಯ ದೀಪಗಳು ಕಾಣುವವರೆಗೂ ನಾನು ಬಾಯೊಳಗೇ ಆ ಹಾಡು ಹೇಳಿಕೊಳ್ಳುತ್ತಾ ಬಂದೆ. ಮನೆಗೆ ಬಂದು ಮಿಸ್ಬಾಳ ತಲೆ ಬಾಚುತ್ತಾ ಇನ್ನೊಂದು ಸಲ ಹಾಡಿದೆ. ಅದು ಯಾವ ಹಾಡು ಅಮ್ಮೀ ಅಂದಳು. ಶಶಿ ಆಂಟಿಯದು ಅಂದೆ.

ಈಗ ನಿನ್ನಿಂದ ಒಂದು ಉತ್ತರ ಬೇಕು. ಗಣೇಶ ಮೇಷ್ಟ್ರು ಸಿನಿಮಾವನ್ನು ಯೂಟ್ಯೂಬಿಗೆ ಹಾಕಬೇಕು ಅಂತಿದ್ದಾರೆ. ನಾನು ತಡೆದಿದ್ದೇನೆ. ನೀನು ಹೂಂ ಅಂದರೆ ಆ ಹಾಡಿಗೆ ನಿನ್ನ ಹೆಸರು ಹಾಕುತ್ತಾರೆ. ನೀನು ಬೇಡ ಅಂದರೆ ಹಾಡನ್ನೇ ತೆಗೆದು ಹಾಕಲಿ, ನಾನು ಜಗಳ ಆಡಿಯಾದರೂ ತೆಗೆಸುತ್ತೇನೆ. ಆದರೆ ಏನಾದರೂ ಹೇಳುವ ಮುಂಚೆ ಒಂದು ಸಲ ಕೇಳು. ಆ ಉಸಿರು ಅದರಲ್ಲಿ ಇದೆ. ನಿನ್ನ ಮಗು ಇದ್ದದ್ದಕ್ಕೆ ಈ ಭೂಮಿಯ ಮೇಲೆ ಇನ್ನೊಂದು ಗುರುತು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇದನ್ನು ನಿನಗೆ ಹೇಳುವುದು ಸರಿಯೋ ಕ್ರೂರವೋ ಅದೂ ಗೊತ್ತಿಲ್ಲ. ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋಗುವಾಗ ನಾನು ನೆನೆದದ್ದು ನನ್ನ ದನಿಯನ್ನಲ್ಲ. ಎಚ್ಚರವಾಗದೆ ಹೋದರೆ ಶಶಿಗೆ ಇದನ್ನು ಯಾರು ಹೇಳುತ್ತಾರೆ ಅಂತ.

ಎಚ್ಚರವಾಯಿತು. ಗಂಟು ನರಕ್ಕೆ ಅಂಟಿಕೊಂಡೇ ಇತ್ತಂತೆ, ಆದಷ್ಟು ನಾಜೂಕಾಗಿ ಬಿಡಿಸಿದ್ದೇವೆ ಅಂದರು. ದನಿಯನ್ನು ಪರೀಕ್ಷೆ ಮಾಡಿ ನೋಡುವ ದಿನ ಇನ್ನೂ ಬಂದಿಲ್ಲ. ಎಲ್ಲ ಸರಿಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ತಲೆಯಾಡಿಸುತ್ತೇನೆ.

ನಿನ್ನ ಅತ್ತೆಗೆ ನನ್ನ ನಮಸ್ಕಾರ ಹೇಳು. ನಿನ್ನ ಯಜಮಾನರನ್ನೂ ಕೇಳಿದೆ ಅನ್ನು. ನಿನ್ನ ಮನೆಯಲ್ಲಿ ಎಲ್ಲರಿಗೂ ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ ಇರಲಿ, ನಿನಗೆ ಇನ್ನು ಮೇಲೆ ಯಾವ ನೋವೂ ಹೊಸದಾಗಿ ಬಾರದಿರಲಿ ಅಂತ ಅಲ್ಲಾಹನಲ್ಲಿ ಬೇಡಿಕೊಳ್ಳುತ್ತೇನೆ.

ನಿನ್ನ
ಮುಬ್ಬಿ (ಮುಬಶ್ಶಿರಾ)

ಮತ್ತೆ: ಪರೀಕ್ಷೆ ಮಾಡಿ ನೋಡುವ ದಿನ ಬಂದಿಲ್ಲ ಅಂತ ಬರೆದೆ. ಡಾಕ್ಟರ ಲೆಕ್ಕದಲ್ಲಿ ಬಂದಿಲ್ಲ. ನಿನ್ನೆ ಬೆಳಗ್ಗೆ ಮಿಸ್ಬಾ ಹೊಸಿಲ ಮೇಲೆ ಕೂತು, ನನಗೆ ಬೆನ್ನು ಮಾಡಿ, ಸ್ಕೂಲ್ ಶೂ ಹಾಕಿಕೊಳ್ಳುತ್ತಿದ್ದಳು. ಊಟದ ಡಬ್ಬಿ ಅಡುಗೆಮನೆಯಲ್ಲೇ ಮರೆತಿದ್ದಳು. ತೆಗೆದುಕೊಂಡು ಹೋಗಿ ಕೊಡಬಹುದಿತ್ತು. ಆದರೆ ತಡೆಯಲಾಗಲಿಲ್ಲ ಶಶಿ, ಹೆಸರು ಹಿಡಿದು ಕರೆದೆ. ಬರೀ ಗಾಳಿ ಬಂತು. ಇರುವಷ್ಟು ಬಲ ಹಾಕಿ ಇನ್ನೊಂದು ಸಲ ಕರೆದೆ. ಅವಳು ಶೂ ಕಟ್ಟಿ ಮುಗಿಸಿ, ಎದ್ದು, ಗೇಟು ಹಾಕಿಕೊಂಡು ಹೋದಳು. ಮನೆಯಲ್ಲಿ ಯಾರಿಗೂ ಹೇಳಿಲ್ಲ. ನೀನು ಬರುತ್ತೀಯಾ?