ಸೀದ ಗೇರ್ ಆಯಿಲ್

ನನ್ನ ಮದುವೆ ಆಯಿತು ಕಣೇ, ಒಂದು ಕಾಲಕ್ಕೆ ನಿನ್ನವನಾಗಿದ್ದವನ ಜೊತೆಗೇ! ನೀನು ನನ್ನ ಫೋನ್ ಎತ್ತುವುದಿಲ್ಲ, ಈ ಪತ್ರವನ್ನು ನಾನು ಅಂಚೆಗೆ ಹಾಕುವುದಿಲ್ಲ. ಆದರೂ ಹೇಳದಿದ್ದರೆ ನನ್ನ ಹೊಟ್ಟೆ ಒಡೆದೇ ಹೋಗುತ್ತದೆ.

ಇವತ್ತು ನಮ್ಮ ಆಟೋಮ್ಯಾಟಿಕ್ ಕಾರು ಗೇರ್ ಹಾಕಿದರೂ ಸುಮ್ಮನೆ ನಿಂತು, ಆಮೇಲೆ ಧಡಕ್ಕನೆ ಜಿಗಿಯಿತು. ನಾನೇ ಬಾನೆಟ್ ಎತ್ತಿ, ಗೇರ್ ಆಯಿಲ್ ನೋಡುವ ಕಡ್ಡಿ ಎಳೆದು, "ಆಯಿಲ್ ತುಂಬಾ ಇದೆಯಲ್ಲ!" ಎಂದು ಬೀಗಿದೆ.

"ಇಂಜಿನ್ ಓಡ್ತಾ ಇರುವಾಗ ನೋಡ್ಬೇಕು ಪೆದ್ದಿ," ಎಂದು ಗಂಡ ನಕ್ಕ. ಸ್ಟಾರ್ಟ್ ಮಾಡಿ, ಕಡ್ಡಿಯನ್ನು ಬಿಳಿ ಕರವಸ್ತ್ರಕ್ಕೆ ಒರೆಸಿ ಮೂಸಿದ. "ಕೆಂಪಗಿದ್ರೆ ಮದುಮಗಳು, ಕಂದು ಬಣ್ಣಕ್ಕೆ ತಿರುಗಿದ್ರೆ ಸೊಸೆ, ಸೀದು ಕಪ್ಪಾದ್ರೆ ಅತ್ತೆ. ಇದು ಅತ್ತೆ!"

"ಯಾರು ಹೇಳಿಕೊಟ್ಟಿದ್ದು?"

"ಯಾರೋ."

ಯಾರೋ ಅಂತೆ! ನಿನ್ನ ಗ್ಯಾರೇಜಿನಲ್ಲಿ ಕೂತು ನಾನೂ ಆ ಜೋಕಿಗೆ ನಕ್ಕವಳೇ ಅಲ್ಲವೇನೇ? ನಿಜವಾಗಿ ಮರೆತಿದ್ದರೆ ನಿನ್ನ ಹೆಸರನ್ನು ಸಲೀಸಾಗಿ ಹೇಳುತ್ತಿದ್ದ. ಸೀದ ವಾಸನೆ ಆಯಿಲಿನದೋ ನನ್ನ ಹೊಟ್ಟೆಯದೋ ತಿಳಿಯಲಿಲ್ಲ.

ಬಾನೆಟ್ ಮುಚ್ಚುತ್ತಾ, "ಗೇರ್‌ಬಾಕ್ಸ್ ಅವಳ ಹತ್ರಾನೇ ಬಿಚ್ಚಿಸ್ಬೇಕು," ಎಂದ. ಅಷ್ಟರಲ್ಲೇ 'ಯಾರೋ' ಹೋಗಿ 'ಅವಳು' ಆದೆ ನೀನು.

ಕಾರನ್ನು ಎಳೆದು ತರುವ ಲಾರಿಯಲ್ಲಿ ಡ್ರೈವರ್ ಪಕ್ಕ ಒಂದೇ ಸೀಟು. ಅದರಲ್ಲಿ ಗಂಡ ಶನಿವಾರ ಸಂಜೆ ನಿನ್ನ ಗ್ಯಾರೇಜಿಗೆ ಬರುತ್ತಾನೆ. ನಾನು ಶನಿವಾರ ಬೆಳಗಿನ ಪ್ಯಾಸೆಂಜರ್ ರೈಲಿಗೇ ನಿನ್ನೂರಿಗೆ ಬಂದು ಇಳಿಯುತ್ತೇನೆ.